ದಾದರಿನ ಸಾಲುಮರಗಳು

ದಾದರ್ ಟಿ.ಟಿ. ಎಂದು ನಾವು ಇಂದಿಗೂ ಬಾಯಿತುಂಬ ಹೇಳುತ್ತೇವೆ. ಟ್ರಾಮು ನಿಂತುಹೋದದ್ದು 1964ರ ಮಾರ್ಚ್ 31ರಂದು. ಹೆಸರು ಮಾತ್ರ ಉಳಿದಿದೆ. ಆದರೆ ಆ ಟ್ರಾಮಿನಿಂದ ಇಳಿದು ಮಾಟುಂಗದ ಕಡೆಗೆ ನಡೆಯುತ್ತಿದ್ದ ನಮ್ಮ ಹಿರಿಯರ ತಲೆಗೆ ನೆರಳಾದ ಮರಗಳಲ್ಲಿ ಎಷ್ಟೋ ಇನ್ನೂ ನಿಂತಿವೆ. ಊರಿನಿಂದ ಬಂದ ನೆಂಟರು ಅವನ್ನು ಕಂಡು, ಇಷ್ಟು ದೊಡ್ಡ ಪಟ್ಟಣದಲ್ಲಿ ಇಂಥ ಮರಗಳು ಹೇಗೆ ಉಳಿದುಕೊಂಡವು ಎಂದು ಕೇಳುವುದುಂಟು. ಅವು ಉಳಿದುಕೊಂಡ ಮರಗಳಲ್ಲ, ಬೇಕೆಂದು ನೆಟ್ಟ ಮರಗಳು. ಅವುಗಳ ಕಥೆ ಆರಂಭವಾಗುವುದು ಒಂದು ಮಹಾಮಾರಿಯಿಂದ.

1896ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಗಾಳಿಬೆಳಕು ಸುಳಿಯದ ಚಾಳುಗಳಲ್ಲಿ ಜನರು ಹುಳುಗಳಂತೆ ಸತ್ತರು. ಬದುಕಿದವರಲ್ಲಿ ಲಕ್ಷಾಂತರ ಮಂದಿ ನಗರ ಬಿಟ್ಟು ಓಡಿದರು. ಆಗ ಸರಕಾರಕ್ಕೆ ಕಣ್ಣು ತೆರೆದು 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು. ಮರುವರ್ಷದ ಹೊತ್ತಿಗೆ ದಾದರ್, ಮಾಟುಂಗ, ಶೀವ್ ಯೋಜನೆಗಳು ಸಿದ್ಧವಾದವು. ಅಂದಿನ ದಾದರ್ ಎಂದರೆ ಗದ್ದೆ, ತಗ್ಗುನೆಲ, ಮಾಹೀಮಿನ ಕಡೆಗೆ ತೆಂಗು ತಾಳೆಗಳ ತೋಪು, ಅವುಗಳಿಂದ ಕಳ್ಳಿಳಿಸುವ ಭಂಡಾರಿಗಳು. ಆ ತೋಪುಗಳು ಹೊಸ ಬಡಾವಣೆಗೆ ಬಲಿಯಾದುವೆಂಬುದನ್ನೂ ಹೇಳದೆ ಬಿಡುವುದು ನ್ಯಾಯವಲ್ಲ. ನಾವಿಂದು ಹೊಗಳುವ ನೆರಳು ಇನ್ನೊಂದು ನೆರಳಿನ ಜಾಗದಲ್ಲಿ ಬಂದದ್ದು.

ಈ ಟ್ರಸ್ಟಿನಲ್ಲಿ ಮಂಚೇರ್ಜಿ ಎದುಲ್ಜಿ ಜೋಶಿ ಎಂಬ ಪಾರಸಿ ಇಂಜಿನಿಯರರಿದ್ದರು. ಮಧ್ಯಮ ವರ್ಗದ ತಮ್ಮ ಜನರಿಗಾಗಿ 103 ನಿವೇಶನಗಳನ್ನು ಮೀಸಲಿಡಿಸಿ ದಾದರ್ ಪಾರಸಿ ಕಾಲನಿಗೆ ಕಾರಣರಾದವರು ಅವರೇ. ನಮ್ಮನ್ನು ಬೆರಗುಗೊಳಿಸುವುದು ಅವರ ಮರಗಳ ಲೆಕ್ಕಾಚಾರ. ಬೀದಿಗೊಂದು ಜಾತಿ! ಫಿರ್ದೌಸಿ ರಸ್ತೆಗೆ ಮಹಾಗನಿ, ಜಾಮ್-ಎ-ಜಮ್ಶೇದ್ ರಸ್ತೆಗೆ ಅಶೋಕ. (ಇದು ಸೀತಾದೇವಿ ಕುಳಿತ ಅಶೋಕವಲ್ಲ, ನೆಟ್ಟಗೆ ಬೆಳೆಯುವ ಬೇರೆಯೇ ಮರ, ಜನ ಕೊಟ್ಟ ಹೆಸರಿಗೆ ನಾವೇಕೆ ತಕರಾರು ತೆಗೆಯಬೇಕು?) ಒಂದೇ ಜಾತಿಯಾದರೆ ಸಾಲು ಸಮನಾಗಿ ಏಳುತ್ತದೆ, ಎರಡೂ ಬದಿಯ ಕೊಂಬೆಗಳು ನಡುವೆ ಕೂಡಿ ಚಪ್ಪರವಾಗುತ್ತದೆ. ಪಕ್ಕದಲ್ಲಿಯೇ ಐದು ತೋಟಗಳು. ಸಂಜೆ ಅಲ್ಲಿ ಕುಳಿತು ಕನ್ನಡದಲ್ಲಿ ಹರಟದ ಮಾಟುಂಗದ ಕನ್ನಡಿಗನಿದ್ದಾನೆಯೆ? 1926ರಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿದ್ದೂ ಈ ಹೊಸ ಬೀದಿಗಳ ನೆರೆಯಲ್ಲಿಯೇ.

ನಮ್ಮ ಬೆಂಗಳೂರಿಗೂ ಇಂಥ ಒಬ್ಬ ಪುಣ್ಯಾತ್ಮ ದೊರೆತಿದ್ದರು. ಬರೋಡೆಯಿಂದ 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್ಲರು, ಒಂದು ಬೀದಿಯ ಹೂ ಮುಗಿಯುವಾಗ ಇನ್ನೊಂದು ಬೀದಿ ಅರಳುವಂತೆ ಮರಗಳನ್ನು ಆರಿಸಿದರು. ಕರ್ನಾಟಕ ಒಂದಾದ 1956ರಲ್ಲಿಯೇ ಅವರು ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು.

ಆದರೆ ಒಂದೇ ಜಾತಿಯ ಸಾಲಿಗೆ ಒಂದು ಕೇಡೂ ಉಂಟು. ರೋಗ ಬಂದರೆ ಸಾಲಿಗೆ ಸಾಲೇ ಹೋಗುತ್ತದೆ. ಪಶ್ಚಿಮ ದಾದರಿನಲ್ಲಿ, 1925ರಲ್ಲಿ ಮಾಹೀಮ್ ಪಾರ್ಕೆಂದು ತೆರೆದು 1927ರಲ್ಲಿ ಶಿವಾಜಿ ಪಾರ್ಕ್ ಆದ ಮೈದಾನದ ಸುತ್ತ ಮಳೆಮರಗಳಿವೆ. ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಈ ಮರ ಸಂಜೆಯಾದರೆ ಎಲೆ ಮಡಚಿ ನಿದ್ದೆ ಹೋಗುತ್ತದೆ. ಈಚಿನ ವರ್ಷಗಳಲ್ಲಿ ಮುಂಬಯಿಯ ಮಳೆಮರಗಳಿಗೆ ಹಿಟ್ಟುತಿಗಣೆ ಅಂಟಿ, ನೂರಾರು ಮರಗಳು ನಿಂತಲ್ಲೇ ಒಣಗಿದವು. ಬೇರಿಗೆ ನೀರಿಲ್ಲದೆ ಸೊರಗಿದ ಮರವನ್ನು ಕೀಟ ಬೇಗ ಹಿಡಿಯುತ್ತದೆ. ಬುಡದ ತನಕ ಸಿಮೆಂಟು ಸುರಿದರೆ ನೀರು ಇಳಿಯುವುದೆಲ್ಲಿಂದ?

ಸಾಲುಮರದ ತಿಮ್ಮಕ್ಕನವರನ್ನು ಎಲ್ಲರೂ ಬಲ್ಲರು. 2019ರಲ್ಲಿ ಪದ್ಮಶ್ರೀ ಪಡೆದವರು. ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಆಕೆ, ಗಂಡ ಚಿಕ್ಕಯ್ಯನವರೊಡನೆ, 380ಕ್ಕೂ ಮಿಕ್ಕಿ ಆಲದ ಮರಗಳನ್ನು ಬೆಳೆಸಿದರು. ನೆಟ್ಟದ್ದು ಒಂದು ದಿನದ ಕೆಲಸ. ಕೊಡ ಹೊತ್ತು ನೀರೆರೆದು, ದನ ಮೇಯದಂತೆ ಮುಳ್ಳು ಕಟ್ಟಿದ್ದು ವರ್ಷಗಳ ಕೆಲಸ. ನಮ್ಮ ಸಂಘ ಸಂಸ್ಥೆಗಳ ಸಸಿ ನೆಡುವ ಉತ್ಸವಗಳಲ್ಲಿ ಮೊದಲನೆಯದರ ಭಾವಚಿತ್ರವಿರುತ್ತದೆ. ಎರಡನೆಯದನ್ನು ಯಾರು ಕಂಡಿದ್ದಾರೆ?

ಅನ್ಯರನ್ನೇಕೆ ಅನ್ನಬೇಕು? ಕೆಲವು ವರ್ಷಗಳ ಹಿಂದೆ ನಮ್ಮ ಕಟ್ಟಡದ ಸಭೆಯಲ್ಲಿ, ಕಾರು ನಿಲ್ಲಿಸಲು ಅಂಗಳಕ್ಕೆಲ್ಲ ಸಿಮೆಂಟು ಹಾಕಿಸುವ ಠರಾವು ಬಂದಾಗ ನಾವೂ ಕೈಯೆತ್ತಿದೆವು. ಅಂಗಳದಲ್ಲಿ ಎರಡು ಮಳೆಮರಗಳಿದ್ದುವು. ಮೂರನೆಯ ಮಳೆಗಾಲದಲ್ಲಿ ಒಂದು, ರಾತ್ರಿ ಎರಡು ಗಂಟೆಗೆ, ಕಾರುಗಳ ಮೇಲೆಯೇ ಒರಗಿತು. ದೇವರ ದಯೆ, ಯಾರಿಗೂ ಪೆಟ್ಟಾಗಲಿಲ್ಲ. ಬೆಳಿಗ್ಗೆ ನೋಡಿದರೆ ಅಷ್ಟೆತ್ತರದ ಮರಕ್ಕೆ ಬೇರು ಒಂದು ಗುಡಾಣದ ಗಾತ್ರದಷ್ಟೇ.

ಮರ ಕಡಿಯುವುದಕ್ಕೆ ಅನುಮತಿ ಬೇಕೆಂದು ಮಹಾರಾಷ್ಟ್ರದಲ್ಲಿ 1975ರಿಂದ ಕಾಯಿದೆಯಿದೆ. 2021ರ ತಿದ್ದುಪಡಿ 50 ವರ್ಷ ಮೀರಿದ ಮರಗಳನ್ನು ಪಾರಂಪರಿಕ ಮರಗಳೆಂದು ಗುರುತಿಸಿತು. ದೆಹಲಿಯಲ್ಲಿಯಾದರೆ ಮರದ ಸುತ್ತ ಒಂದು ಮೀಟರು ಕಾಂಕ್ರೀಟು ತೆಗೆಯಬೇಕೆಂದು ಹಸಿರು ನ್ಯಾಯಮಂಡಳಿ 2013ರಲ್ಲಿಯೇ ಆಜ್ಞೆ ಮಾಡಿತ್ತು. ನಾವು ಆ ಒಂದು ಮೀಟರನ್ನೇ ಹಿಡಿದು ಮತ್ತೆ ಸಭೆ ಕರೆದೆವು. ಎರಡು ಕಾರಿನ ಜಾಗ ಹೋಗುವುದೆಂದು ಗಲಾಟೆಯಾಯಿತು; ಕೊನೆಗೆ ಒಂದೇ ಮತದಿಂದ ಠರಾವು ಗೆದ್ದಿತು. ಕೂಲಿಯವನು ಉಳಿದ ಮರದ ಬುಡದ ಸಿಮೆಂಟನ್ನು ಒಡೆದಾಗ ಕೆಳಗಿನ ಮಣ್ಣು ಬೂದಿಯಂತೆ ಒಣಗಿತ್ತು. ಮೊದಲ ಮಳೆಗೆ ಆ ಗುಂಡಿಯಲ್ಲಿ ನಿಂತ ನೀರು ಮಧ್ಯಾಹ್ನದೊಳಗೆ ಇಂಗಿಹೋಯಿತು. ಮರದ ಒಂದು ಮಗ್ಗುಲು ಈಗಲೂ ಬೋಳಾಗಿದೆ. ಇನ್ನೊಂದು ಮಗ್ಗುಲಿನಲ್ಲಿ ಎಲೆಗಳು ಸಂಜೆ ಆರಕ್ಕೆ ಮಡಚಿಕೊಳ್ಳುತ್ತಿವೆ.