ಒಂದು ಪತ್ರದ ಚರಿತ್ರೆ: ಸ್ವಲೀನತೆಯ ಚಿಕಿತ್ಸೆಯೂ ತಂದೆತಾಯಿಗಳ ಸಾಕ್ಷ್ಯವೂ

ಚಿಕಿತ್ಸೆಯ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ವೈದ್ಯರ ಬರವಣಿಗೆಗಳನ್ನೇ ಆಧಾರವಾಗಿಟ್ಟುಕೊಳ್ಳುವುದು ವಾಡಿಕೆ. ಮನೆಯವರ ಕಾಗದಪತ್ರಗಳಿಗೆ ಅಡಿಟಿಪ್ಪಣಿಯಲ್ಲಿ ಸ್ಥಾನ ದೊರೆತರೆ ಅದೇ ಹೆಚ್ಚು. ಸ್ವಲೀನತೆ ಎಂದು ನಾವು ಈಗ ಕರೆಯುವ ಆಟಿಸಂನ ವಿಷಯದಲ್ಲಿ ಈ ವಾಡಿಕೆ ಸಲ್ಲದು. ಏಕೆಂದರೆ ಆ ಸ್ಥಿತಿಯನ್ನು ಕುರಿತ ಪ್ರಸಿದ್ಧ ಲೇಖನದ ಮೊದಲ ಪ್ರಕರಣಕ್ಕೆ ಮುಖ್ಯ ಆಧಾರವೇ ಒಬ್ಬ ತಂದೆ ಬರೆಯಿಸಿದ ಪತ್ರ.

ಅಮೆರಿಕದ ಮಿಸಿಸಿಪಿ ಸಂಸ್ಥಾನದಲ್ಲಿ ಫಾರೆಸ್ಟ್ ಎಂಬುದೊಂದು ಸಣ್ಣ ಊರು. ಅಲ್ಲಿ ಬೀಮನ್ ಟ್ರಿಪ್ಲೆಟ್ ಎಂಬವರು ವಕೀಲರಾಗಿದ್ದರು. 1933ರಲ್ಲಿ ಹುಟ್ಟಿದ ಅವರ ಮಗ ಡೊನಾಲ್ಡ್ ಯಾರು ಕರೆದರೂ ತಿರುಗಿ ನೋಡುತ್ತಿರಲಿಲ್ಲ. ತಟ್ಟೆ ಬಟ್ಟಲುಗಳನ್ನು ಗಿರ್ರನೆ ತಿರುಗಿಸುತ್ತ ಕುಳಿತರೆ ಅವನಿಗೆ ಬೇರೆ ಲೋಕ ಬೇಡವಾಗಿತ್ತು. ವಾತಾವರಣ ಬದಲಾಗಲೆಂದು 1937ರ ಆಗಸ್ಟಿನಲ್ಲಿ ಅವನನ್ನು ಮನೆಯಿಂದ ದೂರದ ಒಂದು ಸಂಸ್ಥೆಗೆ ಸೇರಿಸಿದರು. ಅದು ಕ್ಷಯರೋಗದ ಭೀತಿಯಿದ್ದ ಮಕ್ಕಳಿಗಾಗಿ ಇದ್ದ ಆರೋಗ್ಯಧಾಮ. ವರ್ಷವೊಂದು ಕಳೆದ ಮೇಲೆ ತಂದೆತಾಯಿಗಳು, ಅಲ್ಲಿಯ ನಿರ್ದೇಶಕರ ಸಲಹೆಗೆ ವಿರುದ್ಧವಾಗಿ, ಮಗುವನ್ನು ಹಿಂದಕ್ಕೆ ಕರೆತಂದರು. ಮಗುವಿನ ಸ್ಥಿತಿಗತಿಯ ವರದಿ ಕೇಳಿದಾಗ ದೊರೆತದ್ದು ಅರ್ಧಪುಟಕ್ಕೂ ಕಡಮೆ. ಯಾವುದೋ ಗ್ರಂಥಿಯ ದೋಷವಿರಬಹುದೆಂಬ ಊಹೆ. ಅದೇ 1938ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಡಾ. ಲಿಯೋ ಕ್ಯಾನರ್ ಅವರಿಗೆ ತಂದೆ ಕಳುಹಿಸಿದ ವೃತ್ತಾಂತವಾದರೋ ಬೆರಳಚ್ಚಿನ 33 ಪುಟಗಳಷ್ಟಿತ್ತು.

ಈ ಎರಡು ದಾಖಲೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡತಕ್ಕದ್ದು. ಒಂದು ಅಧಿಕಾರದ ಮಾತು, ಇನ್ನೊಂದು ಕಂಡವನ ಮಾತು. 1943ರಲ್ಲಿ ಕ್ಯಾನರ್ ಹನ್ನೊಂದು ಮಕ್ಕಳನ್ನು ಕುರಿತು ತಮ್ಮ ಲೇಖನವನ್ನು ಪ್ರಕಟಿಸಿದಾಗ ಮೊದಲನೆಯ ಪ್ರಕರಣ ಡೊನಾಲ್ಡನದು. ಅದರ ಬಾಲ್ಯವೃತ್ತಾಂತವೆಲ್ಲ ಹೆಚ್ಚಾಗಿ ತಂದೆಯ ಪತ್ರದಿಂದಲೇ ಬಂದದ್ದು. ಆದರೆ ಅದೇ ಲೇಖನದ ಕೊನೆಯಲ್ಲಿ ಕ್ಯಾನರ್ ಇಂತಹ ದೀರ್ಘ ದಿನಚರಿಗಳನ್ನೂ ವರದಿಗಳನ್ನೂ ತಂದೆತಾಯಿಗಳ ಗೀಳಿನ ಸ್ವಭಾವಕ್ಕೆ ನಿದರ್ಶನವಾಗಿ ಎತ್ತಿ ತೋರಿಸಿದರು. ಯಾವ ಸೂಕ್ಷ್ಮದೃಷ್ಟಿಯಿಂದ ಲೇಖನ ಸಾಧ್ಯವಾಯಿತೋ ಅದೇ ದೃಷ್ಟಿ ಬರೆದವರ ಮೇಲಿನ ದೋಷಾರೋಪಣೆಯಾಯಿತು. ಶಾಸನವನ್ನು ಓದಿ ಅದರ ಲಿಪಿಕಾರನನ್ನೇ ದಂಡಿಸಿದಂತೆ ಇದು!

ಈ ಸ್ಥಿತಿ ಹುಟ್ಟಿನಿಂದಲೇ ಬಂದದ್ದೆಂದು 1943ರಲ್ಲಿ ಹೇಳಿದ್ದ ಕ್ಯಾನರ್, 1949ರ ಹೊತ್ತಿಗೆ ಮಕ್ಕಳನ್ನು ಹಿಮ ಕರಗದ ಶೀತಪೆಟ್ಟಿಗೆಯಲ್ಲಿ ಇಟ್ಟಂತಿದೆ ಎಂಬರ್ಥದ ಹೋಲಿಕೆಯನ್ನು ಬಳಸಿದರು. ಷಿಕಾಗೋವಿನಲ್ಲಿ ಮಕ್ಕಳ ವಸತಿಶಾಲೆಯೊಂದನ್ನು ನಡೆಸುತ್ತಿದ್ದ ಬ್ರೂನೋ ಬೆಟಲ್‌ಹೈಮ್ 1967ರ ತಮ್ಮ ಗ್ರಂಥದಲ್ಲಿ ಈ ಭಾವನೆಯನ್ನು ಸಿದ್ಧಾಂತದ ಮಟ್ಟಕ್ಕೆ ಏರಿಸಿದರು. ಅದರ ಫಲವಾಗಿ, ಮಗುವನ್ನು ಮನೆಯಿಂದ ಬೇರ್ಪಡಿಸುವುದೇ ಚಿಕಿತ್ಸೆ ಎಂದಾಯಿತು. ತಾಯಂದಿರು ತಾವು ಮಾಡದ ಅಪರಾಧಕ್ಕೆ ಕಾರಣ ಹುಡುಕುತ್ತ ವರ್ಷಗಟ್ಟಲೆ ಮನೋವಿಶ್ಲೇಷಕರ ಮುಂದೆ ಕುಳಿತರು. ಈ ಸಿದ್ಧಾಂತಕ್ಕೆ ಸಾಕ್ಷ್ಯವೆಂಬುದು ಇರಲಿಲ್ಲವೆಂದೇ ನಮ್ಮ ಅಭಿಪ್ರಾಯ. ಅದಕ್ಕೆ ಇದ್ದದ್ದು ಕಾಲದ ಮನ್ನಣೆ.

ಇದನ್ನು ಮುರಿದವರೂ ಒಬ್ಬ ತಂದೆಯೇ. ಅಮೆರಿಕದ ನೌಕಾದಳದಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದ ಬರ್ನಾರ್ಡ್ ರಿಮ್ಲೆಂಡ್ ಅವರ ಮಗನಿಗೆ ಇದೇ ಸ್ಥಿತಿಯಿತ್ತು. ಅದುವರೆಗಿನ ಸಾಹಿತ್ಯವನ್ನೆಲ್ಲ ಶೋಧಿಸಿ, ಕಾರಣ ದೇಹದಲ್ಲಿದೆಯೇ ಹೊರತು ತಾಯಿಯ ಮನಸ್ಸಿನಲ್ಲಿ ಅಲ್ಲವೆಂದು 1964ರಲ್ಲಿ ಅವರು ಒಂದು ಗ್ರಂಥವನ್ನು ಬರೆದರು; ಮುನ್ನುಡಿ ಬರೆದವರು ಕ್ಯಾನರ್. ಮರುವರ್ಷವೇ ತಂದೆತಾಯಿಗಳ ರಾಷ್ಟ್ರೀಯ ಸಂಘವೊಂದು ಸ್ಥಾಪಿತವಾಯಿತು. 1969ರಲ್ಲಿ ಆ ಸಂಘದ ಸಭೆಯಲ್ಲಿ ಕ್ಯಾನರ್ ತಂದೆತಾಯಿಗಳನ್ನು ದೋಷಮುಕ್ತರೆಂದು ಬಹಿರಂಗವಾಗಿ ಸಾರಿದರು.

ಇಷ್ಟರಿಂದ ತಂದೆತಾಯಿಗಳ ಮಾತೆಲ್ಲ ಪ್ರಮಾಣವೆಂದು ಹೇಳಲಾಗದು. ಕಂಡದ್ದು ಬೇರೆ, ಕಂಡದ್ದಕ್ಕೆ ಹಚ್ಚಿದ ಕಾರಣ ಬೇರೆ. 1996ರಲ್ಲಿ ಜಠರದ ಪರೀಕ್ಷೆಗಾಗಿ ಸೆಕ್ರೆಟಿನ್ ಎಂಬ ಹಾರ್ಮೋನನ್ನು ಪಡೆದ ಬಾಲಕನೊಬ್ಬ ಅನಂತರ ಹೆಚ್ಚು ಮಾತನಾಡತೊಡಗಿದನೆಂದು ಅವನ ಮನೆಯವರು ಕಂಡರು. ಸುದ್ದಿ ಹಬ್ಬಿತು, ಸಾವಿರಾರು ಕುಟುಂಬಗಳು ಆ ಔಷಧಕ್ಕಾಗಿ ಅಲೆದುವು. 1999ರ ಡಿಸೆಂಬರಿನಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಔಷಧ ಪಡೆದವರಿಗೂ ಬರಿಯ ಉಪ್ಪುನೀರು ಪಡೆದವರಿಗೂ ಅಂತರವೇ ಕಾಣಲಿಲ್ಲ. ಎರಡು ಗುಂಪಿನ ಮಕ್ಕಳೂ ಸ್ವಲ್ಪ ಸುಧಾರಿಸಿದ್ದರು. ಈ ಫಲಿತಾಂಶವನ್ನು ತಿಳಿಸಿದ ಮೇಲೂ ಆ ತಂದೆತಾಯಿಗಳಲ್ಲಿ ಶೇಕಡ 69 ಮಂದಿ ಆ ಔಷಧದಲ್ಲಿ ಆಸಕ್ತಿಯನ್ನು ಉಳಿಸಿಕೊಂಡಿದ್ದರು. ಇದನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಮೂವತ್ತು ವರ್ಷ ಶಾಸ್ತ್ರದ ಹೆಸರಿನಲ್ಲಿ ತಮ್ಮನ್ನೇ ದೂರಿದವರ ಮಾತಿಗೆ ಈ ಜನ ಒಡನೆಯೇ ಏಕೆ ತಲೆಬಾಗಬೇಕಿತ್ತು ಎಂಬುದನ್ನೂ ಚರಿತ್ರಕಾರ ಕೇಳಬೇಕಾಗುತ್ತದೆ.

ಡೊನಾಲ್ಡನ ಮಟ್ಟಿಗೆ ಹೇಳುವುದಾದರೆ, ಅವನಿಗೆ ಒದಗಿದ ಚಿಕಿತ್ಸೆಗೆ ಶಾಸ್ತ್ರದಲ್ಲಿ ಹೆಸರಿರಲಿಲ್ಲ. 1942ರಲ್ಲಿ ತಂದೆತಾಯಿಗಳು ಅವನನ್ನು ಊರಿನ ಸಮೀಪದ ರೈತ ದಂಪತಿಗಳ ಬಳಿ ಇರಿಸಿದರು. ಹುಡುಗನಿಗೆ ಎಣಿಸುವ ಹುಚ್ಚು. ರೈತ ಅದನ್ನು ತಡೆಯಲಿಲ್ಲ, ಹೊಲ ಉಳುತ್ತ ಜೋಳದ ಸಾಲುಗಳನ್ನು ಎಣಿಸೆಂದ. ಅಳೆಯುವ ಗೀಳಿಗೆ ಬಾವಿಯ ಆಳವನ್ನು ಒಪ್ಪಿಸಿದ. 1945ರಲ್ಲಿ ಅಲ್ಲಿಗೆ ಹೋದ ಕ್ಯಾನರ್ ಈ ದಂಪತಿಗಳ ವಿವೇಕವನ್ನು ಮೆಚ್ಚಿ ಬರೆದಿದ್ದಾರೆ. ಡೊನಾಲ್ಡ್ 1958ರಲ್ಲಿ ಪದವೀಧರನಾಗಿ ಊರಿನ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದ. 2023ರಲ್ಲಿ ತನ್ನ 89ನೆಯ ವಯಸ್ಸಿನಲ್ಲಿ ತೀರಿಕೊಂಡ. ಹನ್ನೊಂದು ಮಕ್ಕಳು ಮುಂದೇನಾದರೆಂದು 1971ರಲ್ಲಿ ಕ್ಯಾನರ್ ಮತ್ತೆ ಬರೆದಾಗ, ದೊಡ್ಡ ಸರಕಾರಿ ಆಸ್ಪತ್ರೆಗಳಿಗೆ ಸೇರಿದವರ ಪಾಲಿಗೆ ಅದು ಆಜೀವ ಸೆರೆವಾಸಕ್ಕೆ ಸಮವಾಯಿತೆಂದು ಒಪ್ಪಿಕೊಂಡರು. ಆ ಲೇಖನದಲ್ಲಿಯೂ ಮೊದಲ ಪ್ರಕರಣದ ಕಡೆಯ ಸಂಗತಿಗಳು, ಅವನ ಉದ್ಯೋಗ, ಅವಿವಾಹಿತ ಜೀವನ, ಮನೆಯ ವಾಸ ಇವೆಲ್ಲ, 1970ರಲ್ಲಿ ತಾಯಿ ಬರೆದ ಕಾಗದದಿಂದ ಎತ್ತಿಕೊಂಡವು.