ನಾಲಗೆಗೆ ವಯಸ್ಸಿನ ಲೆಕ್ಕವಿಲ್ಲ

ಸ್ಕಾಟ್ಲೆಂಡಿನ ವಿಸ್ಕಿ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಒಂದು ಅಂಕಿ ಇರುತ್ತದೆ: 10, 12 ಅಥವಾ 18. ಅದು ಮದ್ಯವು ಮರದ ಪೀಪಾಯಿಯಲ್ಲಿ ಕಳೆದ ವರ್ಷಗಳ ಲೆಕ್ಕ. ಅಂಕಿ ಏರಿದಂತೆ ಬೆಲೆಯೂ ಏರುತ್ತದೆ, ಗೌರವವೂ ಏರುತ್ತದೆ. ಆದರೆ ರುಚಿಯೂ ಅದೇ ಲೆಕ್ಕದಲ್ಲಿ ಏರುತ್ತದೆಯೇ? ಈ ಹಳೆಯ ನಂಬಿಕೆಯನ್ನು ಅಲುಗಿಸಿದ್ದು ಬೆಂಗಳೂರಿನಲ್ಲಿ ತಯಾರಾದ ಒಂದು ವಿಸ್ಕಿ.

ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಮಾಡುವ ಮಾಲ್ಟ್ ನಮಗೆ ಪರಿಚಿತ. ಹಾಗೆಯೇ ಮೊಳಕೆ ಬರಿಸಿದ ಜವೆಗೋಧಿಯಿಂದ ಮಾತ್ರ, ಒಂದೇ ಭಟ್ಟಿಖಾನೆಯಲ್ಲಿ ಇಳಿಸಿದ್ದು ಸಿಂಗಲ್ ಮಾಲ್ಟ್ ವಿಸ್ಕಿ. 'ಸ್ಕಾಚ್' ಎನ್ನಿಸಿಕೊಳ್ಳಲು ಅದು ಸ್ಕಾಟ್ಲೆಂಡಿನಲ್ಲೇ ತಯಾರಾಗಿ, ಅಲ್ಲಿಯೇ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಬೇಕು. ಮಾಲ್ಟಿನಿಂದ ಮದ್ಯ ಇಳಿಸಿದ ಬಗ್ಗೆ ಆ ದೇಶದ ರಾಜಾದಾಯದ ಕಡತದಲ್ಲಿ 1494ರಷ್ಟು ಹಿಂದೆಯೇ ಉಲ್ಲೇಖವಿದೆ.

ವಿಸ್ಕಿಯ ಗುಣ ಅಳೆಯುವುದು ಒಂದು ವೃತ್ತಿ. ಪರೀಕ್ಷಕರು ಬಾಯಿಗಿಂತ ಮೊದಲು ಮೂಗನ್ನು ನಂಬುತ್ತಾರೆ. ಬುಡ ಅಗಲವಾಗಿ, ಬಾಯಿ ಕಿರಿದಾಗಿರುವ ಗಾಜಿನ ಲೋಟದಲ್ಲಿ ಪರಿಮಳ ಒಂದೆಡೆ ಸೇರುತ್ತದೆ. ಕೆಲವು ಹನಿ ನೀರು ಬೆರೆಸಿದರೆ ಅಡಗಿದ್ದ ವಾಸನೆಗಳು ಬಿಚ್ಚಿಕೊಳ್ಳುತ್ತವೆ. ಇಂಗ್ಲೆಂಡಿನ ವಿಸ್ಕಿ ಬರಹಗಾರ ಜಿಮ್ ಮರ್ರೆ ಪರಿಮಳ, ರುಚಿ, ಬಾಯಲ್ಲಿ ಕೊನೆಗೆ ಉಳಿಯುವ ಸ್ವಾದ, ಇವೆಲ್ಲದರ ಹೊಂದಾಣಿಕೆ ಎಂದು ನಾಲ್ಕು ಭಾಗ ಮಾಡಿ, ಒಂದೊಂದಕ್ಕೆ 25ರಂತೆ ಒಟ್ಟು 100 ಅಂಕ ಇಟ್ಟರು. ಈ ನಾಲ್ಕರಲ್ಲಿ ವಯಸ್ಸಿಗೆ ಜಾಗವಿಲ್ಲ ಎಂಬುದನ್ನು ಗಮನಿಸಬೇಕು.

1948ರಲ್ಲಿ ಆರಂಭವಾದ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ 80ರ ದಶಕದಲ್ಲಿ ಮಾಲ್ಟ್ ವಿಸ್ಕಿ ಇಳಿಸತೊಡಗಿತು. ಆಗ ಅದು ಬಳಕೆಯಾಗುತ್ತಿದ್ದುದು ಬೇರೆ ಮದ್ಯದೊಡನೆ ಬೆರೆಸಲು. ಭಾರತದ ಬಹುಪಾಲು 'ವಿಸ್ಕಿ' ಕಬ್ಬಿನ ಕಾಕಂಬಿಯಿಂದ ತೆಗೆದ ಮದ್ಯಸಾರದ್ದು. ಯುರೋಪಿನ ಕಾನೂನು ಅದನ್ನು ವಿಸ್ಕಿ ಎಂದು ಒಪ್ಪುವುದೇ ಇಲ್ಲ. ಇಂಥ ಹೆಸರಿನ ದೇಶದಿಂದ ಬಂದ ಸಿಂಗಲ್ ಮಾಲ್ಟನ್ನು ಯಾರು ನಂಬಬೇಕು? ಸಂಸ್ಥೆಯ ನೀಲಕಂಠ ರಾವ್ ಜಗದಾಳೆ ಅವರು ಇಂಗ್ಲೆಂಡಿನಲ್ಲಿ ಎಂಬಿಎ ಓದುತ್ತಿದ್ದ ಮಗ ರಕ್ಷಿತ್ ಅವರಿಗೆ ಅಲ್ಲಿನ ಮಾರುಕಟ್ಟೆ ಅಧ್ಯಯನದ ಕೆಲಸ ವಹಿಸಿದರು. ಹೆಸರು ಹೇಳದೆ ರುಚಿ ತೋರಿಸಿದಾಗ ಕುಡಿದವರು ಮೆಚ್ಚಿದರು. 2004ರ ಆಗಸ್ಟ್ 24ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲೇ 'ಅಮೃತ್' ಬಿಡುಗಡೆಯಾಯಿತು. ತವರಾದ ಬೆಂಗಳೂರಿಗೆ ಅದು ಬಂದದ್ದು 2010ರಲ್ಲಿ!

ನಾಲ್ಕೈದು ವರ್ಷದ ಈ ಮದ್ಯ ಹಿರಿಯರ ಸಾಲಿಗೆ ನಿಂತದ್ದು ಹೇಗೆ? ಕಾರಣ ಬಿಸಿಲು. ಹನುಮಸಾಗರ, ಕುಷ್ಟಗಿ ಕಡೆಯ ಬೇಸಿಗೆಯಲ್ಲಿ ಮಣ್ಣಿನ ಹರವಿಯ ನೀರು ತಂಪಾಗುತ್ತಲೇ ಕಡಿಮೆಯಾಗುವುದನ್ನು ಎಲ್ಲರೂ ಕಂಡಿದ್ದಾರೆ. ಓಕ್ ಪೀಪಾಯಿಯೂ ಹಾಗೆಯೇ ಉಸಿರಾಡುತ್ತದೆ. ಆವಿಯಾಗಿ ಹೋದ ಪಾಲನ್ನು ಸ್ಕಾಟರು 'ದೇವತೆಗಳ ಪಾಲು' ಎನ್ನುತ್ತಾರೆ. ಅಲ್ಲಿನ ಚಳಿಯಲ್ಲಿ ಅದು ವರ್ಷಕ್ಕೆ ಸುಮಾರು ಶೇ 2. ಬೆಂಗಳೂರಿನಲ್ಲಿ ಶೇ 10ರಿಂದ 12. ಶೇ 10ರ ಲೆಕ್ಕ ಹಿಡಿದರೂ 100 ಲೀಟರಿನಲ್ಲಿ 12 ವರ್ಷಕ್ಕೆ ಉಳಿಯುವುದು 28 ಲೀಟರ್, ಸ್ಕಾಟ್ಲೆಂಡಿನಲ್ಲಿ 78. ಆದರೆ ಅದೇ ಶಾಖ ಮರದ ಬಣ್ಣ, ಸ್ವಾದಗಳನ್ನು ಬೇಗ ಎಳೆದು ತರುತ್ತದೆ. ಅತಿಯಾದರೆ ಮರದ ಒಗರೇ ಮೇಲಾಗುವ ಅಪಾಯವೂ ಉಂಟು. ಹಾಗಾಗಿ ಇಲ್ಲಿ ಕ್ಯಾಲೆಂಡರಿಗಿಂತ ಪೀಪಾಯಿಯಿಂದ ತೆಗೆಯುವ ಹೊತ್ತನ್ನು ಅರಿತ ಮೂಗು ಮುಖ್ಯ.

ಮರ್ರೆ 2005ರಲ್ಲಿ ಅಮೃತ್‌ಗೆ 82 ಅಂಕ ಕೊಟ್ಟರು. ಭಾರತದ ಜವೆಗೋಧಿಗೆ ಸ್ಕಾಟ್ಲೆಂಡಿನ ಹೊಗೆವಾಸನೆಯ ಜವೆಗೋಧಿ ಸೇರಿಸಿ ಮಾಡಿದ 'ಅಮೃತ್ ಫ್ಯೂಷನ್' ಅವರ 2010ರ ಕೈಪಿಡಿಯಲ್ಲಿ 97 ಅಂಕ ಪಡೆದು ಜಗತ್ತಿನ ಮೂರನೆಯ ಅತ್ಯುತ್ತಮ ವಿಸ್ಕಿ ಎನಿಸಿತು. ಒಬ್ಬರ ಅಂಕ ವೇದವಾಕ್ಯವಲ್ಲ. ಆದರೂ ತಣ್ಣನೆಯ ನಾಡಿನ ಅಳತೆಗೋಲು ಎಲ್ಲ ನಾಡಿಗೂ ಸಲ್ಲದು ಎಂಬುದು ಅಂದು ಸ್ಪಷ್ಟವಾಯಿತು.

ವಿಸ್ಕಿ ಎಂಬ ಪದದ ಮೂಲ ಸ್ಕಾಟ್ಲೆಂಡಿನ ಗೇಲಿಕ್ ಭಾಷೆ. ಅಲ್ಲಿ ಅದರ ಅರ್ಥ ಜೀವಜಲ. ಬೆಂಗಳೂರಿನವರು ತಮ್ಮ ವಿಸ್ಕಿಗೆ ಇಟ್ಟ ಹೆಸರು ಅದಕ್ಕಿಂತ ತೀರಾ ದೂರದ್ದೇನಲ್ಲ.