ರೋಗಪಟ್ಟಿಯಿಂದ ಅಳಿದ ಹೆಸರು: ಮನೋವಿಜ್ಞಾನದ ಇತಿಹಾಸದ ಒಂದು ಪ್ರಕರಣ

ವಿಜ್ಞಾನವು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವುದೆಂಬ ಮಾತನ್ನು ನಾವು ತರಗತಿಗಳಲ್ಲಿ ಮತ್ತೆ ಮತ್ತೆ ಹೇಳುತ್ತೇವೆ. ಆ ತಿದ್ದುಪಡಿಗೆ ಎಷ್ಟು ಕಾಲ ಹಿಡಿಯುವುದು, ಆ ವಿಳಂಬದ ಬೆಲೆಯನ್ನು ತೆರುವವರು ಯಾರು ಎಂಬುದನ್ನು ಇತಿಹಾಸದಿಂದಲೇ ತಿಳಿಯಬೇಕು. ಸಲಿಂಗಾನುರಾಗವನ್ನು ಮನೋರೋಗವೆಂದು ಗಣಿಸಿ, ಅನಂತರ ಆ ಗಣನೆಯನ್ನು ಕೈಬಿಟ್ಟ ವೃತ್ತಾಂತವು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಯೂರೋಪಿನಲ್ಲಿ ಬಹುಕಾಲ ಇದು ಪಾಪವೂ ಅಪರಾಧವೂ ಆಗಿದ್ದಿತು. 1886ರಲ್ಲಿ ಕ್ರಾಫ್ಟ್-ಎಬಿಂಗ್ ಎಂಬ ಮನೋವೈದ್ಯರು ‘ಸೈಕೋಪಾಥಿಯಾ ಸೆಕ್ಷುಆಲಿಸ್’ ಗ್ರಂಥವನ್ನು ಪ್ರಕಟಿಸಿ, ಇದನ್ನು ರೋಗಲಕ್ಷಣಗಳ ಸಾಲಿಗೆ ಸೇರಿಸಿದರು. ಅಪರಾಧಿಯೆನಿಸಿದ್ದವನನ್ನು ರೋಗಿಯೆಂದು ಕರೆದುದರಲ್ಲಿ ಒಂದು ಬಗೆಯ ಕರುಣೆಯೂ ಇದ್ದಿತೆನ್ನಬಹುದು. ಆದರೆ ಅಂದಿನ ವೈದ್ಯರ ಕಣ್ಣಿಗೆ ಬಿದ್ದವರು ಹೆಚ್ಚಾಗಿ ಚಿಕಿತ್ಸಾಲಯಕ್ಕೆ ಬಂದ ದುಃಖಿತರು, ಇಲ್ಲವೆ ನ್ಯಾಯಾಲಯವು ಕಳುಹಿಸಿದ ಆರೋಪಿಗಳು. ನೆಮ್ಮದಿಯಿಂದ ಬಾಳುತ್ತಿದ್ದವರು ವೈದ್ಯರ ಬಳಿಗೆ ಬರಲು ಕಾರಣವೇ ಇರಲಿಲ್ಲ. ಮುಂದಿನ ತಪ್ಪುಗಳ ಬೇರು ಇಲ್ಲಿಯೇ ಇದೆ.

ಬರ್ಲಿನ್ನಿನ ವೈದ್ಯ ಮಾಗ್ನುಸ್ ಹಿರ್ಷ್‌ಫೆಲ್ಡರು ಬೇರೆ ದಾರಿ ಹಿಡಿದರು. ಇದು ಮಾನವಸ್ವಭಾವದ ಸಹಜ ವೈವಿಧ್ಯವೆಂಬುದು ಅವರ ಮತ. 1897ರಲ್ಲಿ ಒಂದು ಸಮಿತಿಯನ್ನೂ 1919ರಲ್ಲಿ ಲೈಂಗಿಕ ವಿಜ್ಞಾನದ ಸಂಸ್ಥೆಯನ್ನೂ ಅವರು ಸ್ಥಾಪಿಸಿದರು. 1933ರ ಮೇ ತಿಂಗಳಲ್ಲಿ ನಾಜಿಗಳು ಆ ಸಂಸ್ಥೆಯನ್ನು ಕೊಳ್ಳೆಹೊಡೆದು, ಅದರ ಗ್ರಂಥಗಳನ್ನು ಬೀದಿಯಲ್ಲಿ ಸುಟ್ಟರು.

ಅಮೆರಿಕದ ಮನೋವೈದ್ಯ ಸಂಘವು 1952ರಲ್ಲಿ ಪ್ರಕಟಿಸಿದ ರೋಗಕೈಪಿಡಿಯಲ್ಲಿ ಸಲಿಂಗಾನುರಾಗವು ವ್ಯಕ್ತಿತ್ವವಿಕಾರಗಳ ನಡುವೆ ಸ್ಥಾನ ಪಡೆಯಿತು. ಮರುವರ್ಷ ಹೊರಟ ಅಧ್ಯಕ್ಷರ ಆಜ್ಞೆಯೊಂದು ‘ಲೈಂಗಿಕ ವಿಕೃತಿ’ಯನ್ನು ಸರ್ಕಾರಿ ನೌಕರಿಗೆ ಅನರ್ಹತೆಯ ಕಾರಣಗಳಲ್ಲಿ ಒಂದೆಂದು ಎಣಿಸಿತು. ಪಟ್ಟಿಯಲ್ಲಿನ ಒಂದು ಪದವು ಅನೇಕರ ಅನ್ನಕ್ಕೆ ಸಂಬಂಧಿಸಿದ್ದಾಗಿತ್ತು.

ಈ ಸಂದರ್ಭದಲ್ಲಿ ಲಾಸ್ ಏಂಜಲಿಸ್‌ನ ಮನೋವಿಜ್ಞಾನಿ ಈವ್ಲಿನ್ ಹೂಕರ್ ಸರಳವಾದ ಪ್ರಶ್ನೆಯೊಂದನ್ನು ಎತ್ತಿದರು: ಚಿಕಿತ್ಸೆಗೆ ಬಾರದವರನ್ನು ಪರೀಕ್ಷಿಸಿದವರು ಯಾರು? ಚಿಕಿತ್ಸೆಯಲ್ಲಿರದ 30 ಮಂದಿ ಸಲಿಂಗಾನುರಾಗಿ ಪುರುಷರನ್ನೂ, ವಯಸ್ಸು, ವಿದ್ಯಾಭ್ಯಾಸ, ಬುದ್ಧಿಸೂಚ್ಯಂಕಗಳಲ್ಲಿ ಅವರಿಗೆ ಸರಿಹೊಂದುವ 30 ಮಂದಿ ಇತರ ಪುರುಷರನ್ನೂ ಆರಿಸಿ, ರೋರ್ಷಾಕ್ ಮಸಿಕಲೆಯೇ ಮೊದಲಾದ ಪರೀಕ್ಷೆಗಳಿಗೆ ಒಳಪಡಿಸಿದರು. ಯಾರು ಯಾವ ಗುಂಪಿನವರೆಂಬುದನ್ನು ಮರೆಮಾಡಿ, ಉತ್ತರಗಳನ್ನು ಬ್ರೂನೋ ಕ್ಲಾಪ್ಫರ್ ಮೊದಲಾದ ತಜ್ಞರ ಮುಂದಿಟ್ಟರು. ತಜ್ಞರ ಗುರುತಿಸುವಿಕೆ ಕಣ್ಣುಮುಚ್ಚಿ ಊಹಿಸಿದ್ದಕ್ಕಿಂತ ಮೇಲಾಗಲಿಲ್ಲ; ಮನಸ್ಸಿನ ಹೊಂದಾಣಿಕೆಯಲ್ಲಿಯೂ ಗುಂಪುಗಳ ನಡುವೆ ಗಣನೀಯ ಅಂತರ ಕಾಣಲಿಲ್ಲ. ಈ ಪ್ರಬಂಧವು 1957ರಲ್ಲಿ ಅಚ್ಚಾಯಿತು. ಅರುವತ್ತು ಮಂದಿಯ ಅಧ್ಯಯನವು ಎಲ್ಲವನ್ನೂ ಸಿದ್ಧಪಡಿಸಲಾರದು, ನಿಜ. ಆದರೆ ಸಲಿಂಗಾನುರಾಗವೆಂದರೆ ಅವಶ್ಯವಾಗಿ ರೋಗವೇ ಎಂಬ ಸಾರ್ವತ್ರಿಕ ವಾಕ್ಯವನ್ನು ಮುರಿಯಲು ಕೆಲವೇ ವಿರುದ್ಧ ನಿದರ್ಶನಗಳು ಸಾಕು.

ಪ್ರಮಾಣವೊಂದರಿಂದಲೇ ಪಟ್ಟಿ ಬದಲಾಗಲಿಲ್ಲ. 1972ರಲ್ಲಿ ಡಲ್ಲಸ್ ನಗರದ ಸಮ್ಮೇಳನದಲ್ಲಿ ಜಾನ್ ಫ್ರಯರ್ ಎಂಬ ಮನೋವೈದ್ಯರು ತಾವೂ ಸಲಿಂಗಾನುರಾಗಿಯೆಂದು ಸಹೋದ್ಯೋಗಿಗಳಿಗೆ ತಿಳಿಸಿದರು. ಉದ್ಯೋಗದ ಭಯದಿಂದ ಮುಖವಾಡ ಧರಿಸಿ, ಹೆಸರು ಮರೆಸಿ ಮಾತನಾಡಬೇಕಾಯಿತು. 1973ರ ಡಿಸೆಂಬರ್ 15ರಂದು ಸಂಘದ ಆಡಳಿತ ಮಂಡಳಿಯು ಆ ರೋಗನಾಮವನ್ನು ಕೈಬಿಟ್ಟಿತು. ವಿರೋಧಿಗಳ ಒತ್ತಾಯದಿಂದ 1974ರಲ್ಲಿ ಸದಸ್ಯರ ಮತ ಕೇಳಲಾಗಿ, 5,854 ಮಂದಿ ನಿರ್ಧಾರದ ಪರವಾಗಿಯೂ 3,810 ಮಂದಿ ವಿರುದ್ಧವಾಗಿಯೂ ನಿಂತರು. ಸತ್ಯವನ್ನು ಮತದಿಂದ ನಿರ್ಣಯಿಸಬಹುದೆ ಎಂಬ ಆಕ್ಷೇಪ ಅಂದೇ ಹುಟ್ಟಿತು. ವಾಸ್ತವಾಂಶಗಳು ಮತದಾನದಿಂದ ಹುಟ್ಟುವುದಿಲ್ಲವೆಂಬುದು ದಿಟ. ಆದರೆ ರೋಗವೆಂದರೇನು ಎಂಬ ಲಕ್ಷಣನಿರೂಪಣೆ ವಿದ್ವಾಂಸರು ಕೂಡಿ ಮಾಡತಕ್ಕ ಕಾರ್ಯ. 1952ರ ಪಟ್ಟಿಯೂ ಹಾಗೆಯೇ ಮನುಷ್ಯರು ಮಾಡಿದುದೆಂಬುದನ್ನು ಆಕ್ಷೇಪಕರು ಮರೆತಿದ್ದರು.

ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲಿ ಇದೇ ಹಾದಿಯನ್ನು ತುಳಿಯಿತು. 2019ರಲ್ಲಿ ಅಂಗೀಕೃತವಾದ ಅದರ ಹೊಸ ವರ್ಗೀಕರಣವು ಲಿಂಗತ್ವ ಅಸಂಗತಿಯನ್ನೂ ಮನೋರೋಗಗಳ ಅಧ್ಯಾಯದಿಂದ ಹೊರತಂದಿತು. ನಮ್ಮ ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು, ವಯಸ್ಕರ ಸಮ್ಮತಿಯ ಸಂಬಂಧಕ್ಕೆ 377ನೆಯ ಪ್ರಕರಣವು ಅನ್ವಯಿಸದೆಂದು ತೀರ್ಪಿತ್ತಿತು.

ಈ ವಿಷಯದಲ್ಲಿ ಪ್ರವೃತ್ತಿಯ ಮೂಲಕಾರಣವು ಇಂದಿಗೂ ಪೂರ್ಣವಾಗಿ ನಿರ್ಧಾರವಾಗಿಲ್ಲ. ಕಾರಣ ತಿಳಿಯದಿರುವುದು ಮಾತ್ರ ರೋಗವೆನ್ನಲು ಆಧಾರವಾಗದು. ಸಂಶೋಧನೆಗೆ ತೊಡಗುವ ವಿದ್ಯಾರ್ಥಿಯು ಹೂಕರ್ ಅವರ ಪ್ರಶ್ನೆಯನ್ನು ನೆನಪಿನಲ್ಲಿಡಬೇಕು: ನಾವು ನೋಡಿದವರಾರು ಎಂಬಷ್ಟೇ, ನೋಡದೆ ಬಿಟ್ಟವರಾರು ಎಂಬುದೂ ಪ್ರಮಾಣದ ಭಾಗವೇ ಆಗಿದೆ.